ಪುಕ್ಕಟೆ ಆಟ

ಕೈಗೆ ಬಂದ ರಾಜ ಮತ್ತು ಏಳು, ಎರಡೂ ಎಲೆಗಳನ್ನು ಪರಮಾನಂದ ಎಸೆದ. ಅದಕ್ಕೂ ಮೊದಲು ಹನ್ನೊಂದು ಸಲ ಹೀಗೆಯೇ ಎಲೆ ಎಸೆದು ಆ ಸುತ್ತು ಬಿಟ್ಟುಕೊಟ್ಟಿದ್ದ. ಫೋನಿನ ಪರದೆಯ ಮೇಲೆ ಹಸಿರು ಮೇಜಿನ ಸುತ್ತ ಕೂತಿದ್ದ ಒಂಬತ್ತು ಹೆಸರುಗಳಲ್ಲಿ ನಾಲ್ಕು ಆಗಲೇ ಖಾಲಿಯಾಗಿದ್ದವು. ಪುಕ್ಕಟೆ ಪೋಕರ್ ಟೂರ್ನಮೆಂಟಿನ ಮೊದಲ ಹತ್ತು ನಿಮಿಷ ಯಾವಾಗಲೂ ಹೀಗೆಯೇ. ಸೇರಲು ಕಾಸು ಕೊಡಬೇಕಿಲ್ಲ, ಗೆದ್ದರೆ ಪಟ್ಟಿಯಲ್ಲಿ ಹೆಸರು ಬಿಟ್ಟು ಬೇರೇನೂ ಸಿಗುವುದಿಲ್ಲ. ಹಾಗಾಗಿ ಕೈಗೆ ಎಂಥ ಎಲೆ ಬಂದರೂ ಇದ್ದಬದ್ದ ಬಿಲ್ಲೆಗಳನ್ನೆಲ್ಲ ನಡುವಿಗೆ ಸುರಿದು, ಸೋತು, ಎದ್ದು ಹೋಗುವವರೇ ಹೆಚ್ಚು.

ಅವನ ಬಲಗೈ ಬಿಳಿ ಬಟ್ಟೆ ಸುತ್ತಿಕೊಂಡು ತೊಡೆಯ ಮೇಲೆ ಬಿದ್ದಿತ್ತು. ಆಟವೆಲ್ಲ ಎಡಗೈ ಹೆಬ್ಬೆರಳಿನದು.

"ಮುಂಜಾನೆದ್ದು ಇಸ್ಪೀಟು," ಹೊಸ್ತಿಲ ಹೊರಗೆ ಕೂತಿದ್ದ ಅಪ್ಪ ಹನುಮಪ್ಪ ಗೊಣಗಿದ. "ಮೂರು ಬಟ್ಟು ಹೋದ್ರೂ ಜೂಜು ಬಿಟ್ಟಿಲ್ಲ ಅಂತಾರ ಮಂದಿ."

"ರೊಕ್ಕ ಇಲ್ಲಪ್ಪಾ ಇದಕ್ಕ. ಪುಕ್ಕಟ."

"ರೊಕ್ಕ ಇಲ್ಲದ ಜೂಜು ಯಾವ ಸೀಮ್ಯಾಗೈತಿ?"

"ಆಡ್ಲಿ ಬಿಡ್ರಿ," ಒಳಗೆ ರೊಟ್ಟಿ ತಟ್ಟುತ್ತಿದ್ದ ಅವ್ವ ರೇಣುಕವ್ವ ಅಂದಳು. "ಆ ಕೈಲೆ ಇನ್ನೇನು ಕಲ್ಲು ಹೊರ್ತಾನೇನು?"

ಕಾರ್ಕಳದ ಹೊರವಲಯದಲ್ಲಿ ಕಲ್ಲು ಕತ್ತರಿಸುವ ಘಟಕ, ಅದರ ಹಿಂದೆ ಕೆಲಸದವರಿಗೆಂದು ಸಾಲಾಗಿ ಆರು ಕೋಣೆ. ಕೊಪ್ಪಳದ ಕಡೆಯಿಂದ ಬಂದ ಈ ಕುಟುಂಬದ್ದು ಕೊನೆಯ ಕೋಣೆ. ಪರಮಾನಂದ ಇಲ್ಲಿಯೇ ಪಿಯುಸಿ ಮುಗಿಸಿ, ಕೊನೆಗೆ ಅಪ್ಪ ದುಡಿಯುವ ಘಟಕದಲ್ಲೇ ಯಂತ್ರದ ಮುಂದೆ ನಿಂತಿದ್ದ. ಅಲಗಿಗೆ ಅಡ್ಡ ಇರಬೇಕಾದ ಕಬ್ಬಿಣದ ಗಾರ್ಡ್ ಮುರಿದು ಐದು ತಿಂಗಳಾಗಿತ್ತು. ಮ್ಯಾನೇಜರ್ ಯೋಗೀಶನಿಗೆ ಅವನೇ ಮೂರು ಸಲ ಹೇಳಿದ್ದ. ಮೂರು ಸಲವೂ "ಮಾಡಿಸುವಾ" ಎಂಬ ಉತ್ತರ ಬಂದಿತ್ತು. ಆಮೇಲೊಂದು ದಿನ ಅಲಗು ಮೂರು ಬೆರಳು ತೆಗೆದುಕೊಂಡಿತು.

ಮಣಿಪಾಲದ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ. ಪಕ್ಕದ ಮಂಚದಲ್ಲಿ ಕಾಪುವಿನ ಡೆನ್ವರ್ ಎಂಬ ಎಂಜಿನಿಯರಿಂಗ್ ಹುಡುಗ, ಬೈಕಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವನು. ಆಟ ಕಲಿಸಿದ್ದು ಅವನೇ.

"ಎರಡು ಎಲೆ ನೋಡು. ಚೆನ್ನಾಗಿಲ್ವಾ, ಎಸೆ. ಎಸೆಯಲಿಕ್ಕೆ ಎಂತ ನಾಚಿಕೆ? ನನ್ನಪ್ಪನನ್ನು ನೋಡ್ಬೇಕು ನೀನು. ಊರಲ್ಲಿ ಇಪ್ಪತ್ತೆಂಟರ ಇಸ್ಪೀಟು ಆಡಿ ಅಭ್ಯಾಸ. ಅದರಲ್ಲಿ ಗುಲಾಮನೇ ದೊಡ್ಡವನಲ್ವಾ? ಇಲ್ಲಿಯೂ ಗುಲಾಮ ಬಂದ ಕೂಡಲೇ ಎಲ್ಲ ಸುರಿಯುತ್ತಾರೆ. ಎರಡು ನಿಮಿಷದಲ್ಲಿ ಔಟ್!"

ಎಲ್ಲರ ನಂತರ ಮಾತಾಡುವ ಜಾಗ ಸಿಕ್ಕರೆ ಅದೇ ಒಳ್ಳೆಯ ಜಾಗ ಎಂದೂ ಡೆನ್ವರ್ ಹೇಳಿದ್ದ. ಉಳಿದವರು ಏನು ಮಾಡುತ್ತಾರೆಂದು ಆರಾಮಾಗಿ ನೋಡಬಹುದು. ಒಂದು ಮಧ್ಯಾಹ್ನ ಪರಮಾನಂದ ಕೈಯಲ್ಲಿ ಏನೂ ಇಲ್ಲದೆ, ಎದುರಿನವರನ್ನು ಹೆದರಿಸಲೆಂದೇ ಎಲ್ಲ ಬಿಲ್ಲೆಗಳನ್ನು ಮುಂದಕ್ಕೆ ತಳ್ಳಿದ. ಒಬ್ಬನೂ ಹೆದರಲಿಲ್ಲ. ಮೂವರು ಬೆನ್ನಟ್ಟಿ ಬಂದರು. ಬರೀ ಒಂದು ರಾಣಿ ಹಿಡಿದವನು ಅವನನ್ನು ಮೇಜಿನಿಂದ ಎಬ್ಬಿಸಿದ. ಡೆನ್ವರ್ ಕಾಲು ನೋಯುವಷ್ಟು ನಕ್ಕ.

"ಪುಕ್ಕಟೆ ಆಟದಲ್ಲಿ ಬ್ಲಫ್ ಮಾಡ್ಬಾರ್ದು ಮಾರಾಯ. ಹೆದರಬೇಕಾದರೆ ಎದುರಿನವನಿಗೆ ಕಳೆದುಕೊಳ್ಳಲಿಕ್ಕೆ ಏನಾದರೂ ಇರ್ಬೇಕಲ್ವಾ? ಇಲ್ಲಿ ಯಾರಿಗೆ ಎಂತ ಉಂಟು?"

ಈಗ ಕಲ್ಲಿನ ಪುಡಿ ಎಬ್ಬಿಸುತ್ತ ಬಂದ ಕಾರೊಂದು ಕೋಣೆಗಳ ಮುಂದೆ ನಿಂತಿತು. ಯೋಗೀಶ್ ಇಳಿದ. ಈ ಕೋಣೆಗಳ ಕಡೆಗೆ ಅವನು ಬಂದದ್ದನ್ನು ಇದುವರೆಗೆ ಯಾರೂ ನೋಡಿರಲಿಲ್ಲ. ಹನುಮಪ್ಪ ದಡಬಡಿಸಿ ಎದ್ದು, ಇದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯನ್ನು ಹೆಗಲಿನ ಟವೆಲಿನಿಂದ ಒರೆಸಿದ. ಯೋಗೀಶ್ ಒಂದು ಚೀಲ ಸೇಬನ್ನು ನೆಲದ ಮೇಲಿಟ್ಟು ಕೂತ.

"ಎಂತ ಪರಮಾನಂದ, ಹೇಗುಂಟು ಕೈ?"

"ಉಂಟು. ಅರ್ಧ."

ಯೋಗೀಶ್ ನಗುವುದೋ ಬಿಡುವುದೋ ತಿಳಿಯದೆ ಅಂಗಿಯ ಜೇಬಿನಿಂದ ಮಡಿಸಿದ ಒಂದು ಹಾಳೆ ತೆಗೆದ. ಮರುದಿನ ಹನ್ನೊಂದಕ್ಕೆ ಉಡುಪಿಯ ಕಾರ್ಮಿಕ ಅಧಿಕಾರಿಯ ಮುಂದೆ ಪರಮಾನಂದನ ಪರಿಹಾರದ ಅರ್ಜಿಯ ವಿಚಾರಣೆ. ಹಾಳೆಯ ವಿಷಯ ಅವನಿಗೆ ಗೊತ್ತಿತ್ತು. ಮೊದಲು ಗುಮಾಸ್ತನೊಬ್ಬ ಕಿತ್ತಳೆ ಹಣ್ಣಿನ ಜೊತೆ ಅದನ್ನು ಆಸ್ಪತ್ರೆಗೆ ತಂದಿದ್ದ. ಹೋದ ವಾರ ಫೋನಿನಲ್ಲಿ ಓದಿ ಹೇಳಿದ್ದರು. ಅದರಲ್ಲಿದ್ದದ್ದು ಇಷ್ಟು: ಗಾರ್ಡ್ ತೆಗೆಯಬಾರದೆಂದು ಮ್ಯಾನೇಜರ್ ಎಚ್ಚರಿಸಿದ್ದರೂ ನಾನೇ ತೆಗೆದು ಕೆಲಸ ಮಾಡಿದೆ, ತಪ್ಪು ನನ್ನದು. ಕೆಳಗೆ ಸಹಿ. ಅದಾದರೆ ಅರ್ಜಿ ಅಲ್ಲಿಗೆ ಸತ್ತಂತೆ.

"ಗೇಟಿನ ಹತ್ತಿರ ವಾಚ್‌ಮನ್ ಕೆಲಸ ಹೇಳಿದ್ದೆನಲ್ಲ, ಅದು ಖಾಯಂ. ಕೂತು ಮಾಡುವ ಕೆಲಸ. ನಿನ್ನ ಈ ಫೋನಿನ ಆಟ ಕೂಡ ಆಗ್ತದೆ."

ಪರಮಾನಂದ ಫೋನಿನಲ್ಲಿ ಇನ್ನೆರಡು ಎಲೆ ಎಸೆದ. ಯೋಗೀಶ್ ತಲೆಯೆತ್ತಿ ಕೋಣೆಯ ಮಾಡು ನೋಡಿದ. "ಇದಕ್ಕೆ ಹೊಸ ಶೀಟ್ ಹಾಕಿಸುವಾ." "ಅಪ್ಪನಿಗೂ ಪ್ರಾಯ ಆಯ್ತು. ಭಾರ ಎತ್ತುವುದು ಬೇಡ, ಬರೀ ಲೆಕ್ಕ ಹೇಳಿದರೆ ಸಾಕು." ಪರಮಾನಂದ ಫೋನಿನಿಂದ ತಲೆ ಎತ್ತದೇ ಇರುವುದನ್ನು ಕಂಡು ಯೋಗೀಶನ ದನಿ ಬದಲಾಯಿತು. "ನೋಡು, ನನ್ನ ಕೈಯಲ್ಲಿ ಏನಿಲ್ಲ. ಧಣಿಗಳು ಹೇಳಿದ್ದಾರೆ. ಈಗಲೇ ಸಹಿ ಕೊಟ್ಟರೆ ಇದೆಲ್ಲ ಉಂಟು, ಇಲ್ಲದಿದ್ದರೆ ಇವತ್ತೇ ರೂಮ್ ಖಾಲಿ ಮಾಡ್ಬೇಕು."

ಹನುಮಪ್ಪನ ಮುಖ ಕಲ್ಲಿನ ಪುಡಿಯ ಬಣ್ಣಕ್ಕೆ ತಿರುಗಿತು. "ಕೊಡ್ತಾನ್ರೀ ಸಾಹೇಬ್ರ, ಕೊಡ್ತಾನ. ಕೊಡೋ ಯಪ್ಪಾ. ಹೋದ ಬಟ್ಟು ತಿರುಗಿ ಬರ್ತಾವೇನು?"

ಯೋಗೀಶ್ ಜೇಬಿನಿಂದ ಹೆಬ್ಬೆಟ್ಟು ಒತ್ತಿಸುವ ಶಾಯಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ.

"ನನಗೆ ಸಹಿ ಮಾಡಲಿಕ್ಕೆ ಬರ್ತದೆ," ಪರಮಾನಂದ ಅಂದ.

"ನೀನು ಬರೆಯುವುದು ಬಲಗೈಯಲ್ಲಿ ಅಲ್ವಾ?"

"ಬರೆಯುತ್ತಿದ್ದದ್ದು."

ಹನುಮಪ್ಪ ಮಗನ ಎಡಗೈ ಮಣಿಕಟ್ಟನ್ನು ಹಿಡಿದೆತ್ತಿದ. ಫೋನು ಚಾಪೆಯ ಮೇಲೆ ಬಿತ್ತು. ಹೆಬ್ಬೆರಳು ಶಾಯಿಯ ಹತ್ತಿರ ಹತ್ತಿರ ಹೋಗುತ್ತಿದ್ದಂತೆ ಪರಮಾನಂದ ಯೋಗೀಶನನ್ನೇ ನೋಡಿದ. ಯೋಗೀಶ್ ನೋಡುತ್ತಿದ್ದದ್ದು ಹೆಬ್ಬೆರಳನ್ನು. ಅವನ ತುಟಿ ಒಣಗಿತ್ತು. ಗಟ್ಟಿ ಎಲೆ ಹಿಡಿದವನು ಭಾನುವಾರ ಬೆಳಿಗ್ಗೆ ಸೇಬು ಹಿಡಿದುಕೊಂಡು ಬರುವುದಿಲ್ಲ.

ಪರಮಾನಂದ ಕೈ ಕೊಸರಿಕೊಂಡ.

"ತಪ್ಪು ನನ್ನದೇ ಆದರೆ ನಾನು ಬರೆದುಕೊಡುವುದು ಯಾಕೆ? ನಾಳೆ ನೀವೇ ಬಂದು ಹೇಳಿ. ಗಾರ್ಡ್ ಯಾವಾಗ ಮುರಿದದ್ದು, ಯಾರಿಗೆ ಎಷ್ಟು ಸಲ ಹೇಳಿದ್ದು ಎಂದು ನಾನು ಹೇಳ್ತೇನೆ."

"ದೊಡ್ಡ ಮಾತು ಬೇಡ. ರೂಮ್ ಬಿಟ್ಟು ಇವರನ್ನು ಎಲ್ಲಿಗೆ ಕರೆದುಕೊಂಡು ಹೋಗ್ತಿ?"

ಪರಮಾನಂದ ಅಪ್ಪನ ಕಡೆ ನೋಡಿದ. ಕಳೆದುಕೊಳ್ಳಲು ತನ್ನದೆಂದು ಏನೂ ಉಳಿದಿರಲಿಲ್ಲ. ಕೋಣೆ ಅಪ್ಪ ಅವ್ವನದು. ಅಷ್ಟರಲ್ಲಿ ರೇಣುಕವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ನಾವು ಬಂದಾಗ ಇಲ್ಲಿ ರೂಮಿದ್ದುವೇನ್ರಿ? ಆ ಗುಡ್ಡದ ಬಾಜೂಕ ತಾಡಪತ್ರಿ ಕಟ್ಟಿ ಮೂರು ಮಳಿಗಾಲ ತೆಗದೀವಿ. ತಾಡಪತ್ರಿ ಇನ್ನೂ ಐತಿ. ನೀವು ಹೇಳ್ರಿ, ಈಗ ಬಿಡೂಣೋ, ಊಟ ಮಾಡಿ ಬಿಡೂಣೋ?"

"ಏ, ನಿನಗ ಯಾರ ಕೇಳ್ಯಾರ? ಒಳಗ ನಡಿ," ಹನುಮಪ್ಪ ಅಂದ.

"ರೊಟ್ಟಿ ಆಗ್ಯಾವು. ಇನ್ನೇನು ಮಾಡ್ಲಿ ಒಳಗ?"

ಯೋಗೀಶ್ ಅವಳನ್ನು ನೋಡಿದ, ಹನುಮಪ್ಪನನ್ನು ನೋಡಿದ, ಕೊನೆಗೆ ಶಾಯಿಯ ಡಬ್ಬಿಯ ಮುಚ್ಚಳ ಹಾಕಿದ. "ಅವಸರ ಎಂತದೂ ಇಲ್ಲ," ಅಂದ. "ಯೋಚನೆ ಮಾಡಿ. ಸಂಜೆ ಒಂದು ಫೋನ್ ಮಾಡಿದರೂ ಆಗ್ತದೆ."

ಈಗಲೇ ಎಂದವನು ಸಂಜೆಗೆ ಇಳಿದಿದ್ದ. ಅವನು ಕಾರಿನ ಬಾಗಿಲು ತೆಗೆಯುವಾಗ ರೇಣುಕವ್ವ ಸೇಬಿನ ಚೀಲವನ್ನು ಸೀಟಿನ ಮೇಲೆ ಹಿಟ್ಟು ಉದುರುವ ಹಾಗೆ ಇಟ್ಟಳು.

ಕಾರು ತಿರುವಿನಲ್ಲಿ ಮರೆಯಾಯಿತು. ಚಾಪೆಯ ಮೇಲೆ ಬಿದ್ದ ಫೋನಿನಲ್ಲಿ ಆಟ ನಡೆದೇ ಇತ್ತು. ಅವನ ಸರದಿ ಬಂದಾಗಲೆಲ್ಲ ಸಮಯ ಮೀರಿ, ಎಲೆಗಳು ತಾವಾಗಿಯೇ ಹೊರಬೀಳುತ್ತಿದ್ದವು. ಬಿಲ್ಲೆಗಳು ಕರಗಿದ್ದವು, ಮುಗಿದಿರಲಿಲ್ಲ. ಪರಮಾನಂದ ಅದನ್ನು ಎತ್ತಿಕೊಳ್ಳಲಿಲ್ಲ.

ಹನುಮಪ್ಪ ಹಚ್ಚದ ಬೀಡಿಯೊಂದನ್ನು ಬೆರಳ ನಡುವೆ ತಿರುಗಿಸುತ್ತ ಬಹಳ ಹೊತ್ತು ಕೂತಿದ್ದ. ಹೆಂಡತಿಯ ಕಡೆಗಾಗಲಿ ಮಗನ ಕಡೆಗಾಗಲಿ ನೋಡಲಿಲ್ಲ. ಆಮೇಲೆ ಎದ್ದು ಒಳಗೆ ಹೋದ. ಟ್ರಂಕಿನ ಮುಚ್ಚಳದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಆಸ್ಪತ್ರೆಯ ಕಾಗದಗಳ ಪ್ಲಾಸ್ಟಿಕ್ ಚೀಲವಿತ್ತು. ಅವನಿಗೆ ಓದಲು ಬರುತ್ತಿರಲಿಲ್ಲ. ಒಂದೊಂದನ್ನೇ ತೆಗೆದು, ಮಡಿಕೆ ಬಿಡಿಸಿ, ಮೊಣಕಾಲಿನ ಮೇಲಿಟ್ಟು ಅಂಗೈಯಿಂದ ತೀಡಿದ.

"ನಾಳಿ ಎಷ್ಟಕ್ಕ ಬಸ್ಸು?"

"ಎಂಟೂವರಿಗೆ."

"ಇದರಾಗ ಯಾವುದು ಮ್ಯಾಲಿರಬೇಕು?"

ಪರಮಾನಂದ ಎಕ್ಸ್‌ರೇ ತೋರಿಸಿದ. ಹನುಮಪ್ಪ ಅದನ್ನು ಬಿಸಿಲಿಗೆ ಎತ್ತಿ ಹಿಡಿದ. ನೋಡಿದ. ಕಾಗದಗಳ ಮೇಲೆ ಅಂಚಿಗೆ ಅಂಚು ಸೇರಿಸಿ ಇಟ್ಟ. ಗಾಳಿ ಬಂದು ಅದು ಅಲುಗಿದಾಗ ಅಂಗಳದಿಂದ ಕಲ್ಲಿನ ಚೂರೊಂದನ್ನು ಆರಿಸಿ, ಟವೆಲಿನಿಂದ ಧೂಳು ಒರೆಸಿ, ಅದರ ಮೇಲೆ ಹೇರಿದ.