ಕೆಂಪು ಚುಕ್ಕೆಯ ಬಸವನಹುಳುಗಳು

ನನ್ನ ತಂಗಿ ಎಂ.ಎಸ್ಸಿ.ಗೆ ಆರಿಸಿಕೊಂಡದ್ದು ಪರಿಸರ ವಿಜ್ಞಾನ, ಅದರಲ್ಲೂ ಬಸವನಹುಳು. "ಅವನ್ನ ಎಣಿಸೋಕೂ ಯೂನಿವರ್ಸಿಟಿ ಬೇಕೇನೆ?" ಎಂದು ನನ್ನ ಹೊಲಿಗೆ ಅಂಗಡಿಯಲ್ಲಿ ಕೂತು ಬೇಕಾದಷ್ಟು ಸಲ ಕಾಲೆಳೆದಿದ್ದೇನೆ. ಅವಳು ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಯೂನಿವರ್ಸಿಟಿ ತೋಟದ ಹುಳುಗಳ ಚಿಪ್ಪಿನ ಮೇಲೆ ಉಗುರುಬಣ್ಣದಿಂದ ಕೆಂಪು ಚುಕ್ಕೆ ಇಟ್ಟು, ಗುರುತಿನವು ಎಷ್ಟು ಉಳಿದಿವೆ ಎಂದು ವಾರವಾರವೂ ಹೋಗಿ ಹುಡುಕುತ್ತಿದ್ದಳು.

ಹೋದಾಗಲೆಲ್ಲ ಕಡಿಮೆ ಸಿಕ್ಕವು. ಮಾಲಿ ಗಿಡಗಳಿಗೆ ಹೊಡೆಯುವ ಔಷಧಿಯಿಂದ ಹುಳುಗಳು ಸಾಯುತ್ತಿವೆ ಎಂದು ತಂಗಿ ಪ್ರಬಂಧ ಬರೆದಳು. ಗೈಡ್ ಮೇಡಂ ಭೇಷ್ ಎಂದರು. ವಿಷಯ ಆಫೀಸಿಗೂ ಮುಟ್ಟಿ, ಮಾಲಿಯನ್ನು ಕೆಲಸದಿಂದ ತೆಗೆಯುವ ಮಾತು ಎದ್ದಿತು.

ಪ್ರಬಂಧ ಒಪ್ಪಿಸುವ ಹಿಂದಿನ ದಿನ ಅವಳು ಅಂಗಡಿಗೆ ಬಂದು, ನಾನು ಕತ್ತರಿಸಿಟ್ಟ ಬಟ್ಟೆಯ ಪಕ್ಕ ಕರ್ಚೀಫು ಬಿಚ್ಚಿದಳು. ಒಳಗೆ ಒಡೆದ ಚಿಪ್ಪುಗಳು. ಎಲ್ಲದರ ಮೇಲೂ ಕೆಂಪು ಚುಕ್ಕೆ.

"ತೋಟದ ಮೂಲೇಲಿ ಹಕ್ಕಿಯೊಂದು ಕಲ್ಲಿಗೆ ಕುಕ್ಕಿ ಕುಕ್ಕಿ ತಿಂತಿತ್ತು ಅಕ್ಕಾ. ಹುಲ್ಲಲ್ಲಿ ಕೆಂಪು ಬೇಗ ಕಾಣುತ್ತಲ್ಲ. ಚುಕ್ಕೆ ಇಲ್ಲದವು ಎಲ್ಲ ಚೆನ್ನಾಗೇ ಇದಾವೆ. ಔಷಧಿ ಅಲ್ಲ, ನಾನೇ ಇವನ್ನ ಹಕ್ಕಿಗೆ ತೋರಿಸ್ಕೊಟ್ಟೆ."

ನನಗೆ ತಲೆ ಕೆಟ್ಟಿತು. "ಬಾಯ್ಮುಚ್ಕೊಂಡು ನಾಳೆ ಒಪ್ಪಿಸಿ ಬಾ. ಯಾರಿಗೆ ಗೊತ್ತಾಗುತ್ತೆ? ಸುಮ್ಮನೆ ತಲೆ ಮೇಲೆ ಚಪ್ಪಡಿ ಎಳ್ಕೋಬೇಡ."

"ಮಾಲಿ ಬೆಳಿಗ್ಗೆ ನನ್ನ ಹತ್ರ ಬಂದಿದ್ರು. 'ಇನ್ಮೇಲೆ ಔಷಧಿ ಮುಟ್ಟೋದೇ ಇಲ್ಲ ತಾಯಿ, ಆಫೀಸಲ್ಲಿ ಒಂದು ಮಾತು ಹೇಳಿ' ಅಂತ ಕೈ ಮುಗಿದ್ರು."

ಅವಳಿಗೆ ಹಾಗೆ ಹೇಳಿಕೊಟ್ಟೆನಲ್ಲ ಎಂದು ನಾಚಿಕೆಯಾಯಿತು.

ಅವಳು ಕರ್ಚೀಫು ಗಂಟು ಹಾಕಿಕೊಂಡು ನೇರ ಮೇಡಂ ಮನೆಗೆ ಹೋದಳು. ಮೇಡಂ ಚಿಪ್ಪುಗಳನ್ನು ಒಂದೊಂದಾಗಿ ನೋಡಿ, ಮೊದಲಿಂದ ಮಾಡಬೇಕಾಗುತ್ತೆ ಎಂದರಂತೆ. ಮಾಲಿಯ ಕೆಲಸ ಉಳಿಯಿತು. ತಂಗಿಗೆ ಆ ವರ್ಷ ಪದವಿ ಸಿಗಲಿಲ್ಲ.

ಅವಳು ಮೇಡಂ ಮನೆಗೆ ಹೋಗಿಬಂದ ಮರುದಿನ ಅಂಗಡಿ ಮುಚ್ಚಿ ನಾನೂ ಅವಳ ಜೊತೆ ತೋಟಕ್ಕೆ ಹೋದೆ. ಇಬ್ಬರೂ ಮಂಡಿಯೂರಿ, ಬದುಕಿದ್ದವನ್ನು ಹುಡುಕಿ ಹುಡುಕಿ ಬಣ್ಣವನ್ನು ಉಗುರಿನಿಂದ ಮೆಲ್ಲಗೆ ಕೆರೆದು ತೆಗೆದೆವು. ಬೆರಳು ಉರಿಯತೊಡಗಿತು.

ಒಂದರ ಚುಕ್ಕೆ ಮಾತ್ರ ಏನು ಮಾಡಿದರೂ ಬಿಡಲಿಲ್ಲ. ಇನ್ನೂ ಕೆರೆದರೆ ಚಿಪ್ಪೇ ಒಡೆಯುತ್ತಿತ್ತು. ಮೇಲೆ ಕೊಂಬೆಯಲ್ಲಿ ಹಕ್ಕಿ ಕೂತಿತ್ತು. ಹುಳುವನ್ನು ನೆಲಕ್ಕೆ ಬಿಡಲು ಮನಸ್ಸಾಗದೆ ತಂಗಿ ಅಂಗೈ ಮುಚ್ಚಿಕೊಂಡು ಅಲ್ಲೇ ಕೂತು ಅತ್ತಳು.