ಭಾವನೆ ಬೇಡವೆಂದ ಶೇರು ಮೇಷ್ಟ್ರು

ಊರಿಗೆಲ್ಲ ಅವರು ಶೇರು ಮೇಷ್ಟ್ರು. ವಾರವಿಡೀ ಶೇರು ಕೊಂಡು ಮಾರುವುದು, ಭಾನುವಾರ ಫೀಸು ತಗೊಂಡು ಮನೆಯ ಹಜಾರದಲ್ಲಿ ಪಾಠ ಹೇಳುವುದು. "ಮಾರುಕಟ್ಟೇಲಿ ಭಾವನೆಗೆ ಜಾಗ ಇಲ್ಲ ಕಣ್ರಪ್ಪಾ!" ಎಂದು ಬೋರ್ಡು ಗುದ್ದಿ ಹೇಳಿದರೆ ಕೂತವರೆಲ್ಲ ಬರೆದುಕೊಳ್ಳುತ್ತಿದ್ದರು. ಗೋಡೆಯಾಚೆ ಹೊಲಿಗೆ ಯಂತ್ರ ತುಳಿಯುತ್ತಿದ್ದ ಹೆಂಡತಿಗೆ ಮಾತ್ರ ನಗು ತಡೆಯುತ್ತಿರಲಿಲ್ಲ. ಮಾರಿದ ಶೇರು ಮರುದಿನ ಏರಿದರೆ ಊಟ ಬಿಟ್ಟು ಮಲಗುವ ಮಹಾನುಭಾವರು ಯಾರೆಂದು ಅವಳಿಗೆ ಗೊತ್ತಿತ್ತಲ್ಲ.

ಈ ಸಲ ಶೇರಿಗೆ ಹಾಕಿದ್ದು ಅವಳ ದುಡ್ಡು. ಸ್ವಂತ ಹೊಲಿಗೆ ಅಂಗಡಿಯ ಮುಂಗಡಕ್ಕೆಂದು ಊರಿನವರ ಬಟ್ಟೆಗೆ ಗುಂಡಿ ಹಾಕಿ, ಅಂಚು ಮಡಿಚಿ ಕೂಡಿಸಿದ್ದು. ಅದಕ್ಕೇ ಮೇಷ್ಟ್ರು ತಮಗೆ ತಾವೇ ಮೂಗುದಾರ ಹಾಕಿಕೊಂಡರು. ತಮಗೆ ಗೊತ್ತಾಗದ ಹಾಗೆ ಅವಳ ಹೆಸರಿನ ಶೇರು ಖಾತೆಗೆ ಹೊಸ ಪಾಸ್‌ವರ್ಡ್ ಹಾಕಲು ಅವಳಿಗೇ ಹೇಳಿದರು.

"ನಾನು ಕಾಲಿಗೆ ಬಿದ್ರೂ ಕೊಡ್ಬೇಡ. ಮಾರು ಅಂದ್ರೂ ಮಾರ್ಬೇಡ. ವರ್ಷ ತುಂಬಲಿ."

ವರ್ಷ ಎಲ್ಲಿಯದು? ಮುಂದಿನ ವಾರವೇ ಶೇರು ನೆಲ ಕಚ್ಚಿತು. ಮೇಷ್ಟ್ರು ಟಿವಿ ಮುಂದಿನಿಂದ ಎದ್ದು ಬಂದು ಹೊಲಿಗೆ ಯಂತ್ರದ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಮಾರೇ, ನಿನ್ನ ದಮ್ಮಯ್ಯ." ಅವಳು ತಲೆ ಎತ್ತಲಿಲ್ಲ. ಬೈದರು, ಗೋಗರೆದರು, ಕೊನೆಗೆ ಯಾರದೋ ಅಂಗಿಯ ತೋಳಿಗೆ ಮುಖ ಒತ್ತಿಕೊಂಡು ಗಳಗಳನೆ ಅತ್ತರು.

ಎರಡು ತಿಂಗಳಲ್ಲಿ ಶೇರು ಚೇತರಿಸಿಕೊಂಡು ದುಪ್ಪಟ್ಟಾಯಿತು. ಮೇಷ್ಟ್ರ ಎದೆಯೂ ಉಬ್ಬಿತು. "ಅವತ್ತು ನಾನು ಒಂಚೂರೂ ಅಲುಗಾಡಲಿಲ್ಲ, ನೋಡಿ" ಎಂದು ಶಿಷ್ಯರಿಗೆ ಹೇಳಿದರು. ಅಂಗಿಯ ತೋಳು ಒದ್ದೆಯಾದದ್ದು ಪಾಠದಲ್ಲಿ ಬರಲಿಲ್ಲ.

ಒಂದು ಶುಕ್ರವಾರ ಅವರಿಗೆ ಧಾರಾಳ ಮನಸ್ಸು ಬಂತು. "ವರ್ಷ ಯಾಕೆ ಕಾಯ್ಬೇಕು? ಇವತ್ತೇ ಮಾರು. ಅಂಗಡಿ ನೋಡ್ಕೊಂಡು ಬರೋಣ."

ಯಂತ್ರ ನಿಂತಿತು. "ಮಾರೋಕೆ ಏನಿದೆ? ಅವತ್ತೇ ಮಾರಿಬಿಟ್ಟೆ."

"ಮಾರ್ಬೇಡ ಅಂದಿದ್ದೆನಲ್ಲೇ!"

"ಹೌದು ರೀ. ಆದ್ರೆ ನೀವು ಅತ್ರಿ. ನೋಡೋಕಾಗ್ಲಿಲ್ಲ. ಅರ್ಧ ದುಡ್ಡು ಹೋದ್ರೆ ಹೋಗ್ಲಿ ಅಂದ್ಕೊಂಡೆ."

ಬೈಯಲು ಬಾಯಿ ತೆರೆದ ಮೇಷ್ಟ್ರು ಯಂತ್ರದ ಪಕ್ಕ ನೆಲಕ್ಕೆ ಕೂತರು. ಎರಡು ತಿಂಗಳಿಂದ ಇವಳು ಗೋಡೆಯಾಚೆ ಕೂತು ತಮ್ಮ ಜಂಬವನ್ನೆಲ್ಲ ಕೇಳಿಸಿಕೊಂಡಿದ್ದಳು. ಕೈಬಿಟ್ಟ ಶೇರು ದಿನದಿನವೂ ಏರುವುದನ್ನು ಟಿವಿಯಲ್ಲಿ ನೋಡಿಯೂ ತುಟಿ ಬಿಚ್ಚಿರಲಿಲ್ಲ. ಅವರಿಗೆ ನಾಚಿಕೆಯಾಯಿತು.

"ಭಾನುವಾರ ಯಾವ ಪಾಠ?" ಅವಳು ಸೂಜಿ ಕೈಗೆತ್ತಿಕೊಂಡು ಕೇಳಿದಳು.

"ಕೈತಪ್ಪಿ ಹೋಗಿದ್ದಕ್ಕೆ ಕೊರಗ್ಬಾರದು ಅಂತ."

"ನಾನೂ ಬಂದು ಕೂತ್ಕೊಳ್ಲಾ? ಫೀಸು ಮಾತ್ರ ಕೊಡೋಕಾಗಲ್ಲ."

ಎಷ್ಟು ಸಲ ಪೋಣಿಸಿದರೂ ಅವಳ ದಾರ ಸೂಜಿಯೊಳಗೆ ಹೋಗಲಿಲ್ಲ.