ಬೊಚ್ಚುಬಾಯಿಗೆ ಚೀನಿ ಬಾಡು

ನಮ್ಮಪ್ಪ ಮೂಗಯ್ಯ ನನ್ನ ಗಂಡನ ಜೊತೆ ಮಾತು ಬಿಟ್ಟದ್ದು ಹಂದಿ ಬಾಡಿನ ದೆಸೆಯಿಂದ. ಗಂಡನ ಹೆಸರನ್ನು ಹೆಂಡತಿ ಹೇಳಬಾರದು ಅನ್ನುತ್ತಾರೆ. ಹೇಳದಿದ್ದರೆ ನಿಮಗೆ ತಿಳಿಯುವುದು ಹೇಗೆ? ಚಿಕ್ಕಮಾದಯ್ಯ. ಹೇಳಿಯಾಯಿತು, ಇನ್ನು ಮುಂದೆ ನಮ್ಮವರು ಅನ್ನುತ್ತೇನೆ.

ಮದುವೆಯಾದ ಮರುವರ್ಷವೇ ನಮ್ಮವರು ಮಿಲಿಟರಿ ಮೆಸ್ಸಿನಲ್ಲಿ ಅಡುಗೆ ಕೆಲಸ ಅಂತ ಕಲ್ಕತ್ತೆಗೆ ಹೋದರು. ನಾನು ಬೇಗೂರಿನ ತವರಲ್ಲೇ ಉಳಿದೆ. ಹೊಸ ಮೈಸೂರು ರಾಜ್ಯ ಆಯಿತಲ್ಲ, ಅದರ ಮುಂದಿನ ಸಂಕ್ರಾಂತಿ ಹೊತ್ತಿಗೆ, ಹುರುಳಿ ಒಕ್ಕಣೆ ಮುಗಿದ ಮೇಲೆ, ಒಂದು ತಗಡಿನ ಟ್ರಂಕು ಹೊತ್ತುಕೊಂಡು ವಾಪಸು ಬಂದರು. ಚಾಮರಾಜನಗರದ ಹುಡುಗರ ಹಾಸ್ಟೆಲಿನಲ್ಲಿ ಅಡುಗೆಯವರ ಕೆಲಸ ಸಿಕ್ಕಿತ್ತು. ಇರುವುದಕ್ಕೆ ಕೋಣೆಯನ್ನೂ ಕೊಟ್ಟಿದ್ದರು. ನನ್ನನ್ನು ಕರೆದುಕೊಂಡು ಹೋಗುವುದಕ್ಕೇ ಬಂದಿದ್ದರು. ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸ್ವಂತ ಒಲೆ, ಸ್ವಂತ ಬಾಗಿಲು, ಬಾಗಿಲಿಗೆ ನಾನೇ ಹಾಕುವ ಚಿಲಕ!

ಆದರೆ ಬಂದ ದಿನವೇ ಊಟಕ್ಕೆ ಕೂತಾಗ ನಮ್ಮವರು ಬಾಯಿ ಬಿಟ್ಟರು.

“ಕಲ್ಕತ್ತೇಲಿ ಚೀನದವ್ರದೇ ಒಂದು ಬೀದಿ ಅದ ಮಾವ. ನಾನಿದ್ದದ್ದು ಅಲ್ಲೇ. ಪಕ್ಕದ ಮನೇಲೊಬ್ಬ ಚೀನದ ಮುದುಕ, ಬೂಟ್ಸು ಒಲಿಯೋನು. ಭಾನ್ವಾರ ಬಂತು ಅಂದ್ರೆ ಅಂದಿ ಒಟ್ಟೆ ಭಾಗದ ಬಾಡ ಸೀ ಆಕಿ ಬೇಯ್ಸೋನು. ನಂಗೂ ಕಲಿಸ್ಕೊಟ್ಟ. ಎಂಗಿರ್ತದೆ ಅಂತೀರಿ! ಬಾಯ್ಗಾಕಿದ್ರೆ ಕರಗೋಯ್ತದೆ. ಹಲ್ಲಿಲ್ದೋರೂ ತಿನ್ಬೋದು.”

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ನಮ್ಮ ಬೀದಿಯಲ್ಲಿ ಯಾರು ಹಂದಿ ಕೊಯ್ದರೂ ಬಾಡು ಪಾಲು ಹಾಕುವವನು ನಮ್ಮಪ್ಪ. ಆದರೆ ಅಪ್ಪನಿಗೆ ಹಲ್ಲು ಬಿದ್ದುಹೋಗಿ ಎಷ್ಟೋ ವರ್ಷ. ಊರಿಗೆಲ್ಲ ಬಾಡು ಹಂಚಿ ಬಂದು, ತಾನು ಮುದ್ದೆಗೆ ಸಾರು ಮಾತ್ರ ಹಾಕಿಸಿಕೊಂಡು ಏಳುತ್ತಿದ್ದ. ಈ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಪಾಪ, ನಮ್ಮವರಿಗೆ ಅದೆಲ್ಲಿ ಗೊತ್ತು?

ಅಪ್ಪ ಕೈ ತೊಳೆದುಕೊಂಡು ನನ್ನ ಕಡೆ ತಿರುಗಿದ. “ಕೇಳವ್ವ, ನಿನ್ ಗಂಡುಂಗೆ ಆಡ್ಕೊಳಕೆ ನನ್ ಬೊಚ್ಚುಬಾಯೇ ಸಿಕ್ತಾ? ಚೀನಾ ಎಲ್ಲದ, ಕಲ್ಕತ್ತ ಎಲ್ಲದ! ಬಾಯ್ಬುಟ್ರೆ ಬರೀ ಬುರುಡೆ. ಇಂಥ ಬುರುಡೆ ಮನ್ಸನ ಜೊತೆ ನನ್ ಮಗಳ ಕಳ್ಸಕಿಲ್ಲ.”

ನಮ್ಮವರು ತಬ್ಬಿಬ್ಬಾಗಿ ನನ್ನ ಮುಖ ನೋಡಿದರು. ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಮೇಲೂ ಸಿಟ್ಟು, ಬಾಯಿ ಸುಮ್ಮನಿಟ್ಟುಕೊಳ್ಳಲಾರದ ಗಂಡನ ಮೇಲೂ ಸಿಟ್ಟು.

“ಬುರುಡೆ ಅಂತ ನೀ ಎಂಗಪ್ಪ ಯೋಳೀಯೆ?” ಅಂದೆ. “ಮಾಡ್ಲಿ. ತಿಂದ್ಬುಟ್ಟು ಮಾತಾಡು.”

“ಆಯ್ತು ಕಣವ್ವ. ನಾಳಿದ್ದು ಬೀದಿಲಿ ಅಂದಿ ಕೊಯ್ತರೆ, ಮಾಡ್ಲಿ. ನನ್ ಬಾಯಲ್ಲಿ ಕರಗಿದ್ರೆ ನಿನ್ನ ಕರ್ಕೊಂಡೋಗ್ಲಿ. ಕರಗ್ದಿದ್ರೆ ಒಬ್ನೇ ಬಸ್ಸತ್ಲಿ.”

ಅಲ್ಲಿಂದಾಚೆಗೆ ಅಪ್ಪ ನಮ್ಮವರ ಜೊತೆ ನೇರವಾಗಿ ಒಂದು ಮಾತೂ ಆಡಲಿಲ್ಲ. ನೀರು ಬೇಕಾ ಅಂತ ಕೇಳುವುದಕ್ಕೂ ನನ್ನನ್ನೇ ಕರೆಯುತ್ತಿದ್ದ. ಇಬ್ಬರೂ ಒಂದೇ ಜಗಲಿಯ ಮೇಲೆ ಕೂತಿರುತ್ತಿದ್ದರು. ನಾನು ಮಧ್ಯೆ ಓಡಾಡಿ ಓಡಾಡಿ ಸಾಕಾದೆ.

ಹಂದಿ ಕೊಯ್ದ ದಿನ ಬೆಳಗ್ಗೆಯೇ ಬೀದಿಗೆ ಬೀದಿಯೇ ಎದ್ದಿತ್ತು. ಹುಲ್ಲು ಹೊತ್ತಿಸಿ ಕೂದಲು ಸುಟ್ಟು, ಅರಿಸಿನ ಬಳಿದು ತೊಳೆದಾಗ ಚರ್ಮ ಹೊಂಬಣ್ಣಕ್ಕೆ ತಿರುಗಿತ್ತು. ನಮ್ಮವರು ಅದನ್ನು ನೋಡಿ ನನ್ನ ಪಕ್ಕ ಬಂದು ಪಿಸುಗುಟ್ಟಿದರು. “ಇಂಥ ಚರ್ಮ ಕಲ್ಕತ್ತೇಲೂ ಸಿಕ್ತಿರ್ಲಿಲ್ಲ ಕಣಮ್ಮಿ. ಒಟ್ಟೆ ಭಾಗ ಒಂದೇ ಪಟ್ಟಿಯಾಗಿ ಕೊಡ್ಸು ಸಾಕು.”

ಅದು ಆಗದ ಮಾತು ಅಂತ ನನಗೆ ಆಗಲೇ ಹೊಳೆದದ್ದು. ನಮ್ಮಲ್ಲಿ ಗುಡ್ಡೆ ಬಾಡಿನ ಲೆಕ್ಕವೇ ಬೇರೆ. ಬಾಳೆಲೆಯ ಮೇಲೆ ಮನೆಗೊಂದು ಗುಡ್ಡೆ. ಪ್ರತಿ ಗುಡ್ಡೆಗೂ ಈಲಿ, ಅಂದರೆ ಲಿವರ್, ಒಂದು ಚೂರು, ಮೂಳೆ ಒಂದು ಚೂರು, ತೊಡೆ ಒಂದು ಚೂರು, ಹೊಟ್ಟೆ ಭಾಗದ್ದು ಒಂದು ಚೂರು ಬೀಳಲೇಬೇಕು. ಕೊನೆಗೆ ಅಪ್ಪ ಗುಡ್ಡೆಗಳಿಗೆ ಬೆನ್ನು ಹಾಕಿ ಕೂತು ಮನೆಯ ಹೆಸರು ಕೂಗುತ್ತಾನೆ. ಯಾರ ಹೆಸರಿಗೆ ಯಾವುದು ಬಂತೋ ಅದೇ ಅವರ ಪಾಲು. ಒಂದು ಭಾಗವನ್ನು ಇಡಿಯಾಗಿ ಒಬ್ಬರ ಮನೆಗೆ ಕೊಟ್ಟದ್ದು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಆದರೂ ಕೇಳಿದೆ. ಅಪ್ಪ ಕತ್ತಿ ಒರೆಸುತ್ತ ತಲೆಯನ್ನೂ ಎತ್ತಲಿಲ್ಲ. “ನಿನ್ ಗಂಡುಂಗೆ ಯೋಳವ್ವ, ಗುಡ್ಡೆ ಅಂದ್ರೆ ಗುಡ್ಡೆ. ಮನೆ ಅಳಿಯ ಅಂತ ಪಾಲು ತಪ್ಪಕಿಲ್ಲ.”

ನಮ್ಮ ಪಾಲಿಗೆ ಬಂದ ಗುಡ್ಡೆಯಲ್ಲಿ ಹೊಟ್ಟೆ ಭಾಗದ್ದು ಅಂಗೈಯಗಲದ ಒಂದೇ ತುಂಡು. ನಮ್ಮವರು ಅದನ್ನು ನೋಡಿ ಸಪ್ಪಗಾದರು. “ಇಷ್ಟರಲ್ಲಿ ಆಗದಿಲ್ಲ. ಮಡಕೆ ತುಂಬ್ದಿದ್ರೆ ಸೀದೋಯ್ತದೆ” ಅಂದರು.

ಪಾಲು ಮನೆ ಸೇರಿದ ಮೇಲೆ ಅದರ ಯಜಮಾನಿ ಮನೆಯವಳೇ ಅಲ್ಲವೇ? ನನ್ನ ತಲೆಗೆ ಹೊಳೆದದ್ದೇ ತಡ, ನಮ್ಮ ಪಾಲಿನ ಈಲಿ, ತೊಡೆ, ಮೂಳೆ ಎಲ್ಲವನ್ನೂ ಮೊರಕ್ಕೆ ಸುರಿದುಕೊಂಡು ಹೊರಟೆ. ಪಕ್ಕದ ಮನೆ ಚಿಕ್ಕಬಸಮ್ಮನಿಂದ ಶುರು ಮಾಡಿದೆ. “ಅತ್ತೆ, ಈಲಿ ಕೊಡ್ತಿನಿ, ಒಟ್ಟೆ ತುಂಡು ಕೊಡು.” ಈಲಿ ಅಂದರೆ ಬಿಡುವವರು ಯಾರು! ಚಿಕ್ಕಬಸಮ್ಮ ಕೊಟ್ಟಳು, ಕೊಡುತ್ತಲೇ “ಯಾಕಮ್ಮಿ?” ಅಂತ ಕೇಳಿ ಕಥೆಯೆಲ್ಲ ಬಿಡಿಸಿಕೊಂಡಳು. ನಾನು ಮುಂದಿನ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಹೋಗಿತ್ತು. ಬೀದಿಯ ತುದಿ ಮುಟ್ಟುವಾಗ ಕೇಳುವ ಮೊದಲೇ ತುಂಡು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಬ್ಬಳಂತೂ ಬದಲಿಗೆ ಏನೂ ಬೇಡ ಅಂದಳು, ಬಂದು ನೋಡುವುದಕ್ಕೆ ಬಿಟ್ಟರೆ ಸಾಕಂತೆ.

ಮೊರದ ತುಂಬ ಹೊಟ್ಟೆ ಭಾಗ ಹೊತ್ತುಕೊಂಡು ನಾನು ಅಂಗಳಕ್ಕೆ ಬಂದಾಗ ಅಪ್ಪ ಜಗಲಿಯಿಂದ ನೋಡಿದ. ಪಾಲೇನೂ ತಪ್ಪಿರಲಿಲ್ಲವಲ್ಲ. ಬೀಡಿ ಹಚ್ಚಿದ.

ನಮ್ಮ ಮನೆಯಲ್ಲಿ ಹಂದಿಯನ್ನು ಒಳಗಿನ ಒಲೆಗೆ ಏರಿಸುವುದಿಲ್ಲ. ಅಂಗಳದ ನುಗ್ಗೆಮರದ ಕೆಳಗೆ ಮೂರು ಕಲ್ಲು ಹೂಡಿದೆವು. ಸುತ್ತ ಹೆಂಗಸರು, ಮಕ್ಕಳು, ಬೇಲಿಯಾಚೆ ಗಂಡಸರು. ನಮ್ಮವರು ಬಾಡನ್ನು ಒಂದು ಕುದಿ ಕುದಿಸಿ, ಆ ನೀರನ್ನು ಚರಂಡಿಗೆ ಚೆಲ್ಲಿದರು.

“ಅಯ್ಯೋ, ಸಾರನ್ನೇ ಚೆಲ್ಬುಟ್ಟ!” ಅಂತ ಎಲ್ಲರೂ ಒಟ್ಟಿಗೆ ಕೂಗಿದರು.

ಆಮೇಲೆ ಮಡಕೆಗೆ ಬೆಲ್ಲ ಹಾಕಿ ಕೆಂಪಗೆ ಕರಗಿಸಿ, ಬಾಡು ಸುರಿದು ಹೊರಳಿಸಿದರು. ಬಾಡಿಗೆ ಬೆಲ್ಲ! ಚಿಕ್ಕಬಸಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ನಮ್ಮವರು ಯಾರಿಗೂ ಸೊಪ್ಪು ಹಾಕಲಿಲ್ಲ. ಶುಂಠಿ ಜಜ್ಜಿ ಹಾಕಿದರು. ಟ್ರಂಕಿನಿಂದ ಒಂದು ಬಟ್ಟೆ ಗಂಟು ತಂದು ಬಿಚ್ಚಿದರು, ಅದರಲ್ಲಿ ನಕ್ಷತ್ರದಂಥ ಒಣ ಹೂವುಗಳಿದ್ದವು. ಹಾಕಿದ್ದೇ ಘಮ್ಮೆಂದಿತು. ಬೇಲಿಯಾಚೆಯವರು ಈಚೆಗೇ ಬಂದುಬಿಟ್ಟರು.

“ಇನ್ನು ಕರೀ ನೀರು ಬೇಕು” ಅಂದರು. “ಅವರು ಕಾಳು ಕೊಳೆಸಿ ಮಾಡ್ತರೆ, ಉಪ್ಪುಪ್ಪಾಗಿರ್ತದೆ. ಇಲ್ಲೆಲ್ಲಿ ಸಿಕ್ತದೆ?”

“ಕಾಳಿಂದು ತಾನೆ?” ಅಂದೆ. ಎತ್ತುಗಳಿಗೆ ಹುರುಳಿ ಬೇಯಿಸಿ ಬಸಿದ ಕಟ್ಟು ಒಳಗಿತ್ತು. ಉಪ್ಪು ಹಾಕಿ ಗಟ್ಟಿಯಾಗುವ ತನಕ ಬತ್ತಿಸಿ, ಕಪ್ಪಗೆ ಮಾಡಿ ತಂದುಕೊಟ್ಟೆ. ನಮ್ಮವರು ಬೆರಳಲ್ಲಿ ನೆಕ್ಕಿ ಕಣ್ಣರಳಿಸಿದರು. “ಭಲೇ! ಆ ಮುದುಕ ಇದ್ದಿದ್ರೆ ನಿಂಗೆ ಒಂದು ಜೊತೆ ಬೂಟ್ಸು ಒಲ್ಕೊಡೋನು!” ಅಷ್ಟು ಜನರೆದುರು ಗಂಡನಿಂದ ಹೊಗಳಿಸಿಕೊಂಡು ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಮಧ್ಯಾಹ್ನವೆಲ್ಲ ಬೇಯಬೇಕು ಅಂದರು. ಬೆಂದಿತು. ಲೊಚಪಚ ಸದ್ದು ಕೇಳಿದಾಗಲೆಲ್ಲ ನಾನು ಎದ್ದು ಹೋಗಿ ಉರಿ ನೋಡಿ ಬರುತ್ತಿದ್ದೆ. ಹೊತ್ತು ಇಳಿಯುವಾಗ ನಮ್ಮವರು ಸೌದೆ ತರಲು ಹಿತ್ತಲಿಗೆ ಹೋದರು, ನಾನು ಬಾಳೆಲೆ ಕೊಯ್ಯಲು ಹೋದೆ. ಬರುವಷ್ಟರಲ್ಲಿ ನಮ್ಮವ್ವ ಮಲ್ಲಾಜಮ್ಮ ಮಡಕೆಯ ಮುಚ್ಚಳ ಮುಚ್ಚುತ್ತಿದ್ದಳು. ಅವಳ ಬೆರಳೆಲ್ಲ ಕೆಂಪು.

“ಅವ್ವ! ಏನಾಕ್ದೆ?”

“ಕಾರ ಕಣಮ್ಮಿ, ಒಂದಿಡಿ. ಮರ್ತ್ಬುಟ್ಟಿದ್ದ ಪಾಪ. ಕಾರ ಇಲ್ದೆ ಯಾರಾದ್ರು ಬಾಡು ತಿಂದರ?”

ನನಗೆ ಕೂಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅವ್ವ ಅಳಿಯನ ಮರ್ಯಾದೆ ಉಳಿಸಿದೆ ಅಂತಲೇ ನಂಬಿದ್ದಳು. ಅಷ್ಟರಲ್ಲಿ ನಮ್ಮವರು ಬಂದು ಸೌಟಿನ ತುದಿಯಲ್ಲಿ ರುಚಿ ನೋಡಿದರು. ಮುಖ ಬಿಳಿಚಿಕೊಂಡಿತು. ಅವ್ವನ ಕೈ ನೋಡಿದರು, ನನ್ನ ಕಣ್ಣು ನೋಡಿದರು. ನೇರ ಜಗಲಿಗೆ ಹೋಗಿ ಅಪ್ಪನ ಮುಂದೆ ನಿಂತರು.

“ಮಾವ, ಕೆಟ್ಟೋಯ್ತು. ಇದು ನಾನ್ಯೋಳಿದ ಬಾಡಲ್ಲ. ಕಾರ ಬಿದ್ದದೆ. ಇದ್ನ ಬಡಿಸ್ಬುಟ್ಟು ಚೀನದ್ದು ಅಂದ್ರೆ ಬುರುಡೆಯಾಯ್ತದೆ.”

ನಾನು ಮನಸ್ಸಿನಲ್ಲೇ ಹಲ್ಲು ಕಡಿದೆ. ಸುಮ್ಮನೆ ಬಡಿಸಿದ್ದರೆ ಏನಾಗುತ್ತಿತ್ತು? ಇಲ್ಲಿ ಚೀನದ ರುಚಿ ಗೊತ್ತಿದ್ದವರು ಯಾರಿದ್ದರು? ನನ್ನ ಒಲೆ, ನನ್ನ ಬಾಗಿಲು, ನನ್ನ ಚಿಲಕ ಎಲ್ಲ ಚರಂಡಿಗೆ ಹೋದ ಹಾಗೆ ಕಂಡಿತು.

ಅಪ್ಪ ಅವರನ್ನು ತಲೆಯಿಂದ ಕಾಲಿನ ತನಕ ನೋಡಿದ. ಆಮೇಲೆ ನನ್ನನ್ನು ಕರೆದ.

“ಆ ಕಾರ ಯಾರ ಕೈದು ಅಂತ ಘಾಟಲ್ಲೇ ಗೊತ್ತಾಯ್ತು ಕಣವ್ವ. ಮದ್ವೆ ಆದಾಗ್ಲಿಂದ ತಿಂತಾ ಇವ್ನಿ. ಎಲೆ ಆಕು.”

ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಾನು ಎಲೆ ಹಾಕಿದೆ. ಚರ್ಮ, ಕೊಬ್ಬು, ಬಾಡು ಪದರ ಪದರವಾಗಿದ್ದ ಒಂದು ತುಂಡು ಎತ್ತಿ ಬಡಿಸಿದೆ. ಕಡುಗೆಂಪಾಗಿ ಹೊಳೆಯುತ್ತಿತ್ತು. ಅಪ್ಪ ಅದನ್ನು ಒತ್ತಿದ, ಬೆರಳು ಒಳಗೇ ಇಳಿಯಿತು. ಬಾಯಿಗಿಟ್ಟುಕೊಂಡ.

ಅಪ್ಪನ ದವಡೆ ಎರಡು ಸಲ ಆಡಿ ನಿಂತುಹೋಯಿತು. ಇನ್ನು ಅಗಿಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ನುಂಗಿದ. ಕಣ್ಣು ಮುಚ್ಚಿಕೊಂಡು ಹಾಗೇ ಕೂತ. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಖಾರಕ್ಕೆ ಅಂತ ಆಮೇಲೆ ಹೇಳಿದ, ನಾನು ನಂಬಲಿಲ್ಲ. ಅವ್ವನ ಖಾರ ತಿಂದು ಅಪ್ಪ ಅತ್ತದ್ದು ನಾನು ಒಂದು ದಿನವೂ ಕಂಡವಳಲ್ಲ.

ಕಣ್ಣು ಬಿಟ್ಟವನು ಎಲೆಯನ್ನು ಮುಂದಕ್ಕೆ ತಳ್ಳಿದ. ಬೀದಿಗೆಲ್ಲ ಪಾಲು ಹಾಕುವ ಮನುಷ್ಯ, ತನ್ನ ಪಾಲಿಗಿಂತ ಹೆಚ್ಚು ಒಂದು ಚೂರನ್ನೂ ಮುಟ್ಟದವನು. ಬಡಿಸಲು ನಾನು ಬಗ್ಗಿದೆ. ಅಪ್ಪ ಕೈ ಅಡ್ಡ ಇಟ್ಟು, ನನ್ನನ್ನು ದಾಟಿ, ಹಿಂದೆ ನಿಂತಿದ್ದ ನಮ್ಮವರನ್ನು ನೋಡಿದ.

“ಇನ್ನೊಂದ್ ತುಂಡು ಆಕಪ್ಪ ಅಳಿಯ” ಅಂದ.

ನಾನು ಸೌಟನ್ನು ಗಂಡನ ಕೈಗೆ ತುರುಕಿ ಒಳಗೆ ಓಡಿದೆ. ಚಾಮರಾಜನಗರಕ್ಕೆ ಹೋಗಲು ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಬೇಕು, ಅಲ್ಲಿಗೆ ಮೊದಲ ಬಸ್ಸು ಬೆಳಗ್ಗೆ ಬೇಗ ಬರುತ್ತದೆ, ಸೀರೆಗಳನ್ನೆಲ್ಲ ಮಡಿಸುವುದಿತ್ತು.